ಓಟ ಮತ್ತು ಮನಸ್ಸಿನ ನೆಮ್ಮದಿ

ಓಡುವವರನ್ನು ಕುರಿತು ನಮ್ಮ ಭಾಷೆಗೆ ಅಷ್ಟೇನೂ ಗೌರವವಿದ್ದಂತೆ ತೋರುವುದಿಲ್ಲ. ಸಾಲ ಕೊಟ್ಟವರಿಗೆ ಅಂಜಿ ಊರು ಬಿಟ್ಟವನು ಓಡಿಹೋದವನು. ಹಿರಿಯರ ಒಪ್ಪಿಗೆಗೆ ಕಾಯದೆ ಮದುವೆಯಾದವರೂ ಓಡಿಹೋದವರೇ. ‘ಓಡಾಟ’ವೆಂದರೆ ಕಾಗದ ಹಿಡಿದು ಕಛೇರಿಯಿಂದ ಕಛೇರಿಗೆ ಅಲೆಯುವ ದಣಿವು. ಮರ್ಯಾದಸ್ಥನಾದ ಗೃಹಸ್ಥನೊಬ್ಬನು ಬೀದಿಯಲ್ಲಿ ಓಡಿದನೆಂದರೆ, ಏನೋ ಅನಾಹುತವಾಗಿದೆಯೆಂದು ನೆರೆಹೊರೆಯವರು ಬಾಗಿಲಿಗೆ ಬರುತ್ತಿದ್ದ ಕಾಲ ತೀರ ಹಿಂದಿನದೇನೂ ಅಲ್ಲ. ಓಟವನ್ನೇ ವೃತ್ತಿಯಾಗಿ ಉಳ್ಳವರೂ ನಮ್ಮಲ್ಲಿದ್ದರು. 1672ರಲ್ಲಿ ಚಿಕ್ಕದೇವರಾಜ ಒಡೆಯರ ಆಳಿಕೆಯಲ್ಲಿ ಮೊದಲಾಗಿ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲಿನಲ್ಲಿ ಲೀನವಾದ ಮೈಸೂರು ಅಂಚೆಯ ಚೀಲವನ್ನು ಹೊತ್ತು ಓಡಿದವರು ಅವರು. ಆ ಓಟದಿಂದ ಅವರ ಮನಸ್ಸು ಹಗುರವಾಗುತ್ತಿತ್ತೆ ಎಂದು ಯಾರೂ ಕೇಳಿದಂತಿಲ್ಲ. ಹೊಟ್ಟೆಯ ಪಾಡಿಗೆ ಓಡುವವನನ್ನು ಹಾಗೆ ಕೇಳುವುದು ಸಭ್ಯತೆಯೂ ಅಲ್ಲ.

ಈಗ ಕಾಲ ತಿರುಗಿದೆ. ಭಾನುವಾರ ಬೆಳಗಿನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದವರಿಗೆ ಬೆನ್ನಟ್ಟುವವರಾರೂ ಇಲ್ಲದೆಯೇ ಓಡುವ ನೂರಾರು ಮಂದಿ ಕಾಣಸಿಗುತ್ತಾರೆ. ಕಾರಣ ಕೇಳಿದರೆ ಮೈಯ ಮಾತನ್ನು ಹೇಳುವವರಿಗಿಂತ ಮನಸ್ಸಿನ ಮಾತನ್ನು ಹೇಳುವವರೇ ಹೆಚ್ಚು: ‘ಓಡಿ ಬಂದರೆ ತಲೆ ತಿಳಿಯಾಗುತ್ತದೆ.’ ಇದು ಬರಿಯ ಭ್ರಮೆಯಲ್ಲ. ದೀರ್ಘವಾದ ಓಟದ ಬಳಿಕ ಮೂಡುವ ಒಂದು ಬಗೆಯ ಉಲ್ಲಾಸಕ್ಕೆ ದೇಹವು ತಾನೇ ತಯಾರಿಸಿಕೊಳ್ಳುವ ಎಂಡಾರ್ಫಿನ್ ಎಂಬ, ಅಫೀಮಿನ ಗುಣವುಳ್ಳ ದ್ರವ್ಯವೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2021ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ವಿಜ್ಞಾನಿಗಳು 63 ಮಂದಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅಫೀಮಿನ ಗುಣವನ್ನು ತಡೆಯುವ ಔಷಧವನ್ನು ಕೊಟ್ಟು ಓಡಿಸಿದರೂ ಉಲ್ಲಾಸ ಕುಗ್ಗಲಿಲ್ಲ, ಕಳವಳ ತಗ್ಗುವುದೂ ತಪ್ಪಲಿಲ್ಲ. ಹೀಗಾಗಿ ಸಂಶಯವೀಗ ದೇಹದಲ್ಲಿಯೇ ಹುಟ್ಟುವ ಇನ್ನೊಂದು ದ್ರವ್ಯದ ಕಡೆಗೆ ತಿರುಗಿದೆ. ಅದು ಭಂಗಿಸೊಪ್ಪಿನ ಸತ್ತ್ವಕ್ಕೆ ನಂಟು. ಬೆಳಗ್ಗೆ ಐದಕ್ಕೆದ್ದು ಓಡುವ ಸಾತ್ತ್ವಿಕರು ಈ ನಂಟಸ್ತನವನ್ನು ಕೇಳಿ ಬೇಸರಪಡಬೇಕಾದುದಿಲ್ಲ.

ಆದರೆ ಉಲ್ಲಾಸ ಬೇರೆ, ರೋಗಶಮನ ಬೇರೆ. ಸ್ವಸ್ಥನಾದವನು ಒಂದು ಗಂಟೆ ಹಿಗ್ಗುವುದರಿಂದ ಅಸ್ವಸ್ಥನಾದವನಿಗೆ ಬಂದ ಭಾಗ್ಯವೇನು? ಈ ಪ್ರಶ್ನೆಗೂ ತಕ್ಕಮಟ್ಟಿನ ಉತ್ತರವುಂಟು. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ಖಿನ್ನತೆಯಿಂದ ಬಳಲುತ್ತಿದ್ದ, 50 ವರ್ಷ ದಾಟಿದ 156 ಮಂದಿಯ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಮಾತ್ರೆ, ಕೆಲವರಿಗೆ ವಾರಕ್ಕೆ ಮೂರು ಬಾರಿ ನಡಿಗೆ ಅಥವಾ ಓಟ, ಉಳಿದವರಿಗೆ ಎರಡೂ. ಮೊದಮೊದಲು ಮಾತ್ರೆಯೇ ಬೇಗ ಕೆಲಸಮಾಡಿತು. ಹದಿನಾರು ವಾರ ಕಳೆಯುವ ಹೊತ್ತಿಗೆ ಮೂರು ಗುಂಪುಗಳೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬಂದಿದ್ದವು.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದುದು 2023ರಲ್ಲಿ ಆಂಸ್ಟರ್‌ಡ್ಯಾಮಿನಿಂದ ಬಂದ ಇನ್ನೊಂದು ವರದಿ. ಖಿನ್ನತೆ ಅಥವಾ ಕಳವಳದ ರೋಗವಿದ್ದ 141 ಮಂದಿಗೆ, ಮಾತ್ರೆಯೋ ಓಟವೋ, ನೀವೇ ಆರಿಸಿಕೊಳ್ಳಿ ಎಂದು ಬಹುಮಟ್ಟಿಗೆ ಬಿಟ್ಟುಕೊಡಲಾಯಿತು. 45 ಮಂದಿ ಮಾತ್ರೆಯ ಕಡೆ, 96 ಮಂದಿ ಓಟದ ಕಡೆ. ಓಟವೆಂದರೆ ಒಂಟಿ ಓಟವಲ್ಲ. ಮೇಲ್ವಿಚಾರಕರೊಡನೆ, ಗುಂಪಿನಲ್ಲಿ, ವಾರಕ್ಕೆ ಎರಡು ಮೂರು ಸಲ ಮುಕ್ಕಾಲು ಗಂಟೆ. ಹದಿನಾರು ವಾರಗಳ ಕೊನೆಗೆ ಎರಡು ಕಡೆಯೂ ಶೇಕಡಾ 44ರ ಆಸುಪಾಸಿನಲ್ಲಿ ಗುಣವಾದರು. ಓಡಿದವರ ತೂಕ, ರಕ್ತದೊತ್ತಡಗಳೂ ಸುಧಾರಿಸಿದವು. ಪತ್ರಿಕೆಗಳು ಇಷ್ಟನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿದವು. ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ: ಮಾತ್ರೆಯನ್ನು ವಿಧಿಸಿದಂತೆ ಪಾಲಿಸಿದವರು ಶೇಕಡಾ 82, ಓಟವನ್ನು ಹಾಗೆ ಪಾಲಿಸಿದವರು ಶೇಕಡಾ 52 ಮಾತ್ರ. ಓಟವನ್ನು ಬಯಸಿ ಬಂದವರಲ್ಲಿ, ಜೊತೆಗಾರರೂ ಮೇಲ್ವಿಚಾರಕರೂ ಇದ್ದಾಗಲೇ, ಅರ್ಧದಷ್ಟು ಮಂದಿ ಹಿಂದೆ ಬಿದ್ದರು.

ಈ ಶೇಕಡಾ 52ರಲ್ಲಿ ನಮಗೆ ಬೇಕಾದ ತಿಳಿವಳಿಕೆ ಇದೆಯೆಂದು ನಾನು ಭಾವಿಸುತ್ತೇನೆ. ಖಿನ್ನತೆಗೆ ಒಳಗಾದವನ ಮೊದಲ ಲಕ್ಷಣವೇ ಹಾಸಿಗೆಯಿಂದ ಏಳಲಾಗದಿರುವುದು. ಹಲ್ಲುಜ್ಜುವುದೂ ಅವನಿಗೆ ಬೆಟ್ಟ ಹತ್ತಿದಂತೆ. ಅಂಥವನಿಗೆ ಮನೆಯವರೂ ಗೆಳೆಯರೂ, ‘ಎದ್ದು ಒಂದು ಸುತ್ತು ಓಡಿ ಬಾರಯ್ಯ, ಎಲ್ಲ ಸರಿಹೋಗುತ್ತದೆ’ ಎಂದು ಹೇಳುವುದು ಇತ್ತೀಚಿನ ರೂಢಿ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಓಡಲಾರದೆ ಉಳಿದವನ ಹೆಗಲಿಗೆ ರೋಗದ ಮೇಲೆ ಅಪರಾಧವೂ ಬಂದು ಕೂರುತ್ತದೆ: ಮದ್ದು ಪುಕ್ಕಟೆಯಾಗಿ ಬಾಗಿಲಲ್ಲಿದೆ, ನಾನೇ ಸೋಮಾರಿ. ಹಿಂದೆ ಇದನ್ನು ಪೂರ್ವಜನ್ಮದ ಕರ್ಮವೆನ್ನುತ್ತಿದ್ದೆವು. ಈಗ ವಿಜ್ಞಾನದ ಹೆಸರಿನಲ್ಲಿ ಈ ಜನ್ಮದ ಕರ್ಮವೆನ್ನಲು ಹೊರಟಿದ್ದೇವೆ. ಓಟದ ಹುರುಪಿನಲ್ಲಿ, ವೈದ್ಯರನ್ನು ಕೇಳದೆಯೇ ಮಾತ್ರೆಯನ್ನು ನಿಲ್ಲಿಸುವುದಂತೂ ಅಪಾಯಕರ.

ಹಾಗೆಂದು ಓಟವನ್ನು ಕೈಬಿಡಬೇಕೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮನೋರೋಗಗಳಿಗೆ ತಕ್ಕ ಚಿಕಿತ್ಸೆ ದೊರೆಯದವರ ಪ್ರಮಾಣ ಆಯಾ ರೋಗವನ್ನನುಸರಿಸಿ ಶೇಕಡಾ 70ರಿಂದ 92. ಇಂಥ ನಾಡಿನಲ್ಲಿ ಯಾವ ಉಪಾಯವನ್ನೂ ಅಲ್ಲಗಳೆಯುವಷ್ಟು ಸಿರಿವಂತಿಕೆ ನಮಗಿಲ್ಲ. 2022ರ ಅಕ್ಟೋಬರಿನಿಂದ 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವ ಏರ್ಪಾಡಾಗಿದೆ, ಅದು ಒಳ್ಳೆಯದು. ಆದರೆ ಸಲಹೆ ಕೊಡುವವರು ‘ದಿನವೂ ವ್ಯಾಯಾಮ ಮಾಡಿ’ ಎಂದಾಗ ಕೇಳುವವಳು ಎಲ್ಲಿಗೆ ಹೋಗಬೇಕು?

ಹೌದು, ಕೇಳುವವಳು. ಹೋಬಳಿ ಊರಿನ ನಲವತ್ತು ವರ್ಷದ ಗೃಹಿಣಿಯೊಬ್ಬಳು ಸೀರೆಯ ನೆರಿಗೆ ಎತ್ತಿ ಕಟ್ಟಿ ಬೀದಿಯಲ್ಲಿ ಓಡುವುದನ್ನು ಊಹಿಸಿಕೊಳ್ಳಿ. ಎಷ್ಟು ಕಿಟಕಿಗಳು ತೆರೆದುಕೊಂಡಾವು! ನಸುಕಿನಲ್ಲಿ ಹೊರಟರೆ ಕತ್ತಲು, ನಾಯಿಗಳು. ಹೊತ್ತೇರಿದ ಮೇಲೆ ಹಾಲು, ಒಲೆ, ಮಕ್ಕಳ ಬುತ್ತಿ, ಬಳಿಕ ಲಾರಿಗಳ ಧೂಳು. ರಾಜಧಾನಿಯ ಓಟಗಾರರಿಗೆ 1870ರಲ್ಲಿ ನಿರ್ಮಿಸಿಕೊಟ್ಟ ಉದ್ಯಾನವಿದೆ. ಅವಳಿಗಿರುವುದು ನೀರಿಲ್ಲದ ಕೆರೆಯ ಏರಿ. ಮನಸ್ಸಿನ ಆರೋಗ್ಯವನ್ನು ವೈದ್ಯರೊಬ್ಬರ ಕೆಲಸವೆಂದೇ ಎಣಿಸಿರುವ ನಮಗೆ, ಅದು ಪುರಸಭೆಯ ಕೆಲಸವೂ ಹೌದೆಂಬುದು ಹೊಳೆದಂತಿಲ್ಲ.

ಹೊಸ ಕ್ರೀಡಾಂಗಣ ಕಟ್ಟಿಸಿರೆಂದು ಯಾರೂ ಕೇಳುತ್ತಿಲ್ಲ. ಬಹುಪಾಲು ಊರುಗಳಲ್ಲಿ ಸರ್ಕಾರಿ ಶಾಲೆಗೊಂದು ಮೈದಾನವಿದೆ, ಸುತ್ತ ಗೋಡೆಯಿದೆ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಅದರ ಬಾಗಿಲು ತೆರೆದಿರಲಿ, ಎರಡು ದೀಪಗಳಿರಲಿ, ವಾರದಲ್ಲಿ ಮೂರು ದಿನ ಹೆಂಗಸರಿಗೇ ಮೀಸಲಾಗಿರಲಿ. ಆಶಾ ಕಾರ್ಯಕರ್ತೆಯೋ ವ್ಯಾಯಾಮದ ಮೇಷ್ಟರೋ ನಾಲ್ಕು ಜನರನ್ನು ಕೂಡಿಸಿದರೆ ಆಂಸ್ಟರ್‌ಡ್ಯಾಮಿನ ಗುಂಪಿನಂಥದೇ ಒಂದು ಗುಂಪಾಯಿತು. ಆ ಕೆಲಸಕ್ಕೆ ಅವರಿಗೆ ಸಂಭಾವನೆ ಸಲ್ಲಬೇಕು. ಓಡಲಾರದವರು ನಡೆಯಲಿ, ಡ್ಯೂಕಿನವರ ಪ್ರಯೋಗದಲ್ಲಿ ನಡಿಗೆಗೂ ಸ್ಥಾನವಿತ್ತಷ್ಟೆ. ಬಾರದೆ ಹೋದವರ ಮನೆಗೆ ಮರುದಿನ ಒಬ್ಬರು ಹೋಗಿ, ‘ಏಕವ್ವ, ನಿನ್ನೆ ಕಾಣಲಿಲ್ಲ?’ ಎಂದು ವಿಚಾರಿಸಿ ಬರಲಿ.

ನಮ್ಮ ಬಡಾವಣೆಯ ಶಾಲೆಯ ಮೈದಾನಕ್ಕೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಬೀಗದ ಕೈಯನ್ನು ಕೇಳಿದರೆ ಮುಖ್ಯೋಪಾಧ್ಯಾಯರು ಇಲಾಖೆಯ ಅನುಮತಿ ಬೇಕೆನ್ನುತ್ತಾರೆ. ಇಲಾಖೆಯವರು ಅದು ಶಾಲಾ ಸಮಿತಿಗೆ ಬಿಟ್ಟದ್ದೆನ್ನುತ್ತಾರೆ. ಸಮಿತಿ ಕಳೆದ ವರ್ಷದಿಂದ ಸೇರಿಲ್ಲ.