ಆ ದಿನದ ಸೊನ್ನೆ ಬರೆದವನು ನಾನೇ

ಹೋದ ತಿಂಗಳು ತಾಲ್ಲೂಕು ಕಚೇರಿ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೆ. ನಮ್ಮ ಸೀಮೆಯವರೇ ಆದ ಒಬ್ಬ ಹೆಣ್ಣುಮಗಳು ಬಂದು, ಪ್ಲಾಸ್ಟಿಕ್ ಚೀಲದೊಳಗಿಂದ ಮಡಚಿದ ಹಾಳೆ ತೆಗೆದು ನನ್ನ ಕೈಗಿಟ್ಟರು. "ತಮ್ಮಾ, ನೀ ಪೇಪರಿನಾಂವ ಅಲ್ಲೇನು? ಇದರಾಗ ಏನು ಬರದಾರ ಒಂದೀಟು ಓದಿ ಹೇಳು" ಅಂದರು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಅಕ್ಷರ ಹರಿದಿತ್ತು. ಅದು ಕೋವಿಡ್ ಪರಿಹಾರದ ಅರ್ಜಿಗೆ ಕಚೇರಿ ಕೊಟ್ಟ ಹಿಂಬರಹ. ಮೃತರ ಹೆಸರು ಪಟ್ಟಿಯಲ್ಲಿ ಇಲ್ಲದ ಕಾರಣ ಅರ್ಜಿ ಪರಿಗಣಿಸಲು ಬರುವುದಿಲ್ಲ ಎಂದಿತ್ತು.

ಅದರಲ್ಲಿ ಬರೆದದ್ದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಹತ್ತು ಮಂದಿ ಹತ್ತು ಸಲ ಓದಿ ಹೇಳಿದ್ದರು. ಹನ್ನೊಂದನೆಯವ ಬೇರೆ ಏನಾದರೂ ಓದಿಯಾನು ಎಂಬ ಆಸೆ ಅಷ್ಟೇ.

2021ರ ಮೇ ತಿಂಗಳಲ್ಲಿ ಅವರ ಗಂಡ ತೀರಿಕೊಂಡರು. ಐದು ದಿನ ಜ್ವರ, ಊರಿನ ಆರ್‌ಎಂಪಿ ಡಾಕ್ಟರರ ಇಂಜೆಕ್ಷನ್ನು, ಆರನೇ ದಿನ ಉಸಿರು ಹಿಡಿಯಿತು. ಬಾಡಿಗೆಯ ಟಂಟಂನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊರಟರು, ದಾರಿಯಲ್ಲೇ ಮುಗಿಯಿತು, ಅಲ್ಲಿಂದಲೇ ಗಾಡಿ ತಿರುಗಿಸಿದರು. ಊರಲ್ಲಿ ಟೆಸ್ಟ್ ಮಾಡುವ ಕಿಟ್ ಮುಗಿದಿತ್ತು. ಆರ್‌ಎಂಪಿ ಡಾಕ್ಟರು ಚೀಟಿ ಬರೆದುಕೊಡಲಿಲ್ಲ, ಬರೆದುಕೊಟ್ಟಿದ್ದರೂ ಆ ಚೀಟಿಗೆ ಕಿಮ್ಮತ್ತಿರಲಿಲ್ಲ.

"ಆ ದಿನ ಇಡೀ ತಾಲ್ಲೂಕಿನ್ಯಾಗ ಕೊರೊನಾಕ್ಕ ಒಬ್ಬರೂ ಸತ್ತಿಲ್ಲಂತ. ಪೇಪರಿನ್ಯಾಗ ಬಂದೈತಿ ನೋಡ್ರಿ ಅಂದ್ರು ಆಫೀಸಿನ್ಯಾಗ" ಅಂತ ಆ ಅಕ್ಕ ಹೇಳಿದರು.

ಮನೆಗೆ ಬಂದು ಹಳೆಯ ಫೋನು ಹುಡುಕಿ ಚಾರ್ಜಿಗೆ ಹಾಕಿ, ಆ ದಿನದ ನನ್ನ ಸುದ್ದಿ ತೆಗೆದು ನೋಡಿದೆ. ತಾಲ್ಲೂಕುವಾರು ಪಟ್ಟಿ. ನಮ್ಮ ತಾಲ್ಲೂಕಿನ ಮುಂದೆ, ಸಾವು ಎಂಬ ಕಾಲಂನಲ್ಲಿ, ಸೊನ್ನೆ. ಕೆಳಗೆ ನನ್ನ ಹೆಸರು.

ಈ ಲೇಖನ ಆ ಸೊನ್ನೆಯ ವಿರುದ್ಧ. ಅಂದರೆ ಮೊದಲು ನನ್ನ ವಿರುದ್ಧ, ಆಮೇಲೆ ಉಳಿದವರ ವಿರುದ್ಧ.

ಆ ಸೊನ್ನೆ ಎಲ್ಲಿಂದ ಬರುತ್ತಿತ್ತು? ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ವಾಟ್ಸಾಪ್ ಗುಂಪಿಗೆ ಬೀಳುತ್ತಿತ್ತು. ನಾವು ಅದನ್ನು ಟೈಪ್ ಮಾಡಿ ಡೆಸ್ಕಿಗೆ ಕಳಿಸುತ್ತಿದ್ದೆವು. ಪುಟ ಕಡಿಮೆಯಾಗಿದ್ದವು, ಜಾಹೀರಾತು ನಿಂತಿತ್ತು, ಸುದ್ದಿಗಿಷ್ಟು ಅಂತ ಬರುವ ದುಡ್ಡೂ ತಡವಾಗಿತ್ತು. ಊರೂರು ತಿರುಗಲು ಪೆಟ್ರೋಲಿಗೆ ಕಾಸಿಲ್ಲ, ಮನೆಯಲ್ಲಿ ವಯಸ್ಸಾದ ತಂದೆ. ಇವೆಲ್ಲ ನಿಜವಾದ ಕಾರಣಗಳೇ. ಆದರೆ ಅದೇ ದಿನ ಬೆಳಿಗ್ಗೆ ನಮ್ಮೂರ ರುದ್ರಭೂಮಿಯ ಹಾದಿಯಲ್ಲಿ ನಾನೇ ಹಾದು ಬಂದಿದ್ದೆ. ಗುಂಡಿ ತೋಡುವಾತ, "ಈ ತಿಂಗಳು ಒಂದು ದಿನಾನೂ ಸಲಿಕಿ ಒರಸಿ ಇಟ್ಟಿಲ್ರಿ" ಅಂದಿದ್ದ. ಅದನ್ನು ಕೇಳಿಸಿಕೊಂಡು ಮನೆಗೆ ಬಂದು ಸೊನ್ನೆ ಟೈಪ್ ಮಾಡಿದೆ. ಬುಲೆಟಿನ್ ಸುಳ್ಳು ಹೇಳಿತು ಎನ್ನುವುದು ಅರ್ಧ ಸತ್ಯ. ಟೆಸ್ಟ್ ಆಗಿ, ಆಸ್ಪತ್ರೆಯಲ್ಲಿ ಸತ್ತವರನ್ನಷ್ಟೇ ಅದು ಎಣಿಸುತ್ತಿತ್ತು. ಆ ಮಾತನ್ನು ಒಂದು ಸಾಲಿನಲ್ಲಿ ಸೇರಿಸಿ ಬರೆಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನು ಬರೆಯಲಿಲ್ಲ.

ಈಗ ದೊಡ್ಡ ಲೆಕ್ಕ ನೋಡೋಣ. 2020ರ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಅಂತರರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿ ಎಂದು ಸಾರಿತು. ಮಾರ್ಚ್ 11ರಂದು ಮಹಾಸೋಂಕು ಎಂದು ಕರೆಯಿತು. ಅದರ ಹಿಂದಿನ ದಿನವೇ, ಮಾರ್ಚ್ 10ರಂದು, ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅದು ದೇಶದ ಮೊದಲ ಕೊರೊನಾ ಸಾವು. 2023ರ ಮೇ 5ರಂದು ಜಿನೀವಾದಲ್ಲಿ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಘೋಷಣೆಯಾಯಿತು. ನಾವೂ ಮಾಸ್ಕ್ ಬಿಚ್ಚಿ ಬಿಸಾಡಿ, ಮುಗಿಯಿತು ಅಂದುಕೊಂಡೆವು.

ಆದರೆ ಸತ್ತವರೆಷ್ಟು? ನಮ್ಮ ದೇಶದ ಅಧಿಕೃತ ಲೆಕ್ಕದಲ್ಲಿ 2021ರ ಕೊನೆಯವರೆಗೆ ಸುಮಾರು 4.8 ಲಕ್ಷ. ಅದೇ ಎರಡು ವರ್ಷಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಕೊಟ್ಟ ಅಂದಾಜು 47 ಲಕ್ಷ. ಇಡೀ ಜಗತ್ತಿಗೆ 1.49 ಕೋಟಿ. ಕೇಂದ್ರ ಸರ್ಕಾರ ಈ ಅಂದಾಜನ್ನು ಒಪ್ಪಲಿಲ್ಲ. ಅದು ಗಣಿತದ ಮಾದರಿ, ನಮ್ಮಲ್ಲಿ ಜನನ ಮರಣ ನೋಂದಣಿಯ ಸ್ವಂತ ವ್ಯವಸ್ಥೆ ಇದೆ ಎಂದಿತು. ಸರಿ, ಸ್ವಂತ ವ್ಯವಸ್ಥೆಯನ್ನೇ ನಂಬೋಣ. 2025ರ ಮೇ ತಿಂಗಳಲ್ಲಿ ಆ ನೋಂದಣಿಯ 2021ರ ಅಂಕಿ ಹೊರಬಂತು. ದೇಶದಲ್ಲಿ ನೋಂದಣಿಯಾದ ಸಾವು 2019ರಲ್ಲಿ ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷ ಹೆಚ್ಚು. ಆ ವರ್ಷ ಕೊರೊನಾದಿಂದ ಸತ್ತವರೆಂದು ಸರ್ಕಾರ ಹೇಳಿದ್ದು ಮೂರೂಕಾಲು ಲಕ್ಷದ ಆಸುಪಾಸು. ಈ ಅಂಕಿ ಯಾವ ವಿದೇಶಿಯ ಮಾದರಿಯೂ ಅಲ್ಲ. ನಮ್ಮ ಗ್ರಾಮ ಲೆಕ್ಕಿಗರ ರಿಜಿಸ್ಟರಿನಲ್ಲಿದ್ದ ಹೆಸರುಗಳ ಮೊತ್ತ. ನಾಲ್ಕು ವರ್ಷ ತಡವಾಗಿ ಬಂತು, ಬಂದಾಗ ಒಳಪುಟದ ಮೂಲೆಯಲ್ಲಿ ಕೂತಿತು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ನೋಂದಣಿ ಸುಧಾರಿಸಿತು, ಅದಕ್ಕೇ ಸಂಖ್ಯೆ ಏರಿತು ಎನ್ನುವುದು. ನೋಂದಣಿ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದು ಹೌದು. ಆದರೆ 2019ರಿಂದ 2020ಕ್ಕೆ ಐದು ಲಕ್ಷ ಏರಿದ್ದು, ಮರುವರ್ಷವೇ 21 ಲಕ್ಷ ಏರಿತು. ಕಚೇರಿಗಳು ಬಾಗಿಲು ಹಾಕಿದ್ದ, ಜನ ಮನೆಯಿಂದ ಹೊರಗೆ ಕಾಲಿಡದಿದ್ದ ವರ್ಷದಲ್ಲೇ ನೋಂದಣಿ ಇಷ್ಟು ಚುರುಕಾಯಿತು ಎಂದರೆ ಯಾರು ನಂಬಬೇಕು? ಎರಡನೆಯದು, ಹೆಚ್ಚಾದ ಸಾವೆಲ್ಲ ಕೊರೊನಾದ್ದೇ ಅಲ್ಲ ಎನ್ನುವುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಡಯಾಲಿಸಿಸ್ ಸಿಗದೆ ಸತ್ತವರಿದ್ದಾರೆ, ಹೆರಿಗೆಗೆ ಬೆಡ್ ಸಿಗದೆ ಸತ್ತವರಿದ್ದಾರೆ, ಬಸ್ಸಿಲ್ಲದೆ ಬಿಪಿ ಮಾತ್ರೆ ತಪ್ಪಿ ಸತ್ತವರಿದ್ದಾರೆ. ಅವರ ರಕ್ತದಲ್ಲಿ ವೈರಸ್ ಇರಲಿಲ್ಲ. ಆದರೆ ಮಹಾಸೋಂಕು ಬಾರದಿದ್ದರೆ ಅವರಲ್ಲಿ ಬಹಳಷ್ಟು ಜನ ಇವತ್ತು ನಮ್ಮ ಎದುರಿಗಿರುತ್ತಿದ್ದರು. ಹಾಗಾದರೆ ಅವರನ್ನು ಯಾವ ಕಾಲಂನಲ್ಲಿ ಹಾಕೋಣ? ಯಾವ ಕಾಲಂ ಬೇಕಾದರೂ ಹಾಕಿ, ಸೊನ್ನೆಯ ಕಾಲಂ ಒಂದು ಬಿಟ್ಟು.

ಲೆಕ್ಕ ತಪ್ಪುವುದಕ್ಕೆ ಆರಂಭದಿಂದಲೇ ದಾರಿ ಇತ್ತು. ನಮ್ಮ ದೇಶದಲ್ಲಿ ನೋಂದಣಿಯಾದ ನೂರು ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಪ್ರಮಾಣೀಕರಿಸುವುದು ಇಪ್ಪತ್ಮೂರರ ಸುತ್ತಮುತ್ತ ಮಾತ್ರ. ಉಳಿದವರು ಸತ್ತರು ಅಷ್ಟೇ, ಯಾಕೆ ಸತ್ತರು ಎಂಬುದು ಕಾಗದದಲ್ಲಿ ಇಲ್ಲ. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಲೇಬೇಕು, ಅದರ ನಿಯಮ ಮಾಡಿ ಎಂದಿತು. 50 ಸಾವಿರ ರೂಪಾಯಿ ನಿಗದಿಯಾಯಿತು. ನಿಯಮವೂ ಬಂತು. ಟೆಸ್ಟ್ ಆಗಿರಬೇಕು ಅಥವಾ ಆಸ್ಪತ್ರೆಯಲ್ಲಿ ವೈದ್ಯರು ಕೋವಿಡ್ ಎಂದು ನಿರ್ಧರಿಸಿರಬೇಕು, ಆಮೇಲೆ 30 ದಿನದೊಳಗೆ ಸತ್ತಿರಬೇಕು. ಮನೆಯಲ್ಲಿ ಸತ್ತರೆ ವೈದ್ಯರ ಪ್ರಮಾಣಪತ್ರ ಬೇಕು. ಕಿಟ್ ಇಲ್ಲದ ಊರು, ವೈದ್ಯರಿಲ್ಲದ ಊರು, ಟಂಟಂನಲ್ಲಿ ಹೋದ ಜೀವ. ಈ ನಿಯಮ ಬರೆದವರು ಅಂಥ ಊರನ್ನು ಕಂಡಿದ್ದರೇ?

ಬಾಗಿಲು ಸ್ವಲ್ಪ ಅಗಲವಾಗಿ ತೆರೆದ ಕಡೆ ಏನಾಯಿತು ನೋಡಿ. ಗುಜರಾತಿನ ಅಧಿಕೃತ ಸಾವು ಸುಮಾರು 10 ಸಾವಿರ. ಅಲ್ಲಿ ಪರಿಹಾರಕ್ಕೆ ಮಂಜೂರಾದ ಅರ್ಜಿಗಳು 60 ಸಾವಿರವನ್ನೂ ದಾಟಿದವು. ಸರ್ಕಾರವೇ ದುಡ್ಡು ಕೊಟ್ಟು, ನಮ್ಮ ಲೆಕ್ಕ ತಪ್ಪು ಎಂದು ಒಪ್ಪಿದ ಹಾಗಾಯಿತು. ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ನಮ್ಮ ರಾಜ್ಯದ ಕಥೆಯೂ ಮರೆಯುವಂಥದ್ದಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕ ಖಾಲಿಯಾಗಿತ್ತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಮೊದಲು ಹೇಳಲಾಯಿತು. ಹೈಕೋರ್ಟ್ ನೇಮಿಸಿದ ಸಮಿತಿ ಹೋಗಿ ನೋಡಿದಾಗ ಆ ಮಾತು ನಿಲ್ಲಲಿಲ್ಲ. ಎರಡೂವರೆ ತಿಂಗಳ ಮೇಲೆ, ಜುಲೈ 20ರಂದು, ಆಮ್ಲಜನಕದ ಕೊರತೆಯಿಂದ ಸಾವಾಗಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಉತ್ತರ ರಾಜ್ಯಸಭೆಯಲ್ಲಿ ಬಂತು. 24 ಇದ್ದದ್ದು ಮೂರಾಗಿ, ಮೂರಿದ್ದದ್ದು ದಿಲ್ಲಿ ಮುಟ್ಟುವಷ್ಟರಲ್ಲಿ ಸೊನ್ನೆಯಾಯಿತು. ಕೆಳಗಿನಿಂದ ಯಾರೂ ಬರೆಯದಿದ್ದರೆ ಮೇಲಿನವರು ವರದಿಯಾಗಿಲ್ಲ ಎನ್ನಬಹುದು. ಆ ಉತ್ತರದ ಜಾಣತನ ಇರುವುದೇ ಅಲ್ಲಿ.

ಇದು ಒಂದೇ ಪಕ್ಷದ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಗಿನ ಸರ್ಕಾರ ಹೋಯಿತು, ಹೊಸ ಸರ್ಕಾರ ಬಂತು. ಕೋವಿಡ್ ಕಾಲದ ಖರೀದಿ ಅಕ್ರಮಗಳ ತನಿಖೆಗೆ 2023ರಲ್ಲಿ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ ರಚನೆಯಾಯಿತು. ಆಗಲೇಬೇಕಿತ್ತು, ತಿಂದವರು ಕಕ್ಕಲಿ. ಆದರೆ ಪಿಪಿಇ ಕಿಟ್ ಎಷ್ಟಕ್ಕೆ ಕೊಂಡರು ಎಂದು ಎಣಿಸಲು ಆಯೋಗ ಬೇಕಾಯಿತು, ಹಳ್ಳಿಯಲ್ಲಿ ಸತ್ತವರನ್ನು ಎಣಿಸಲು ಒಬ್ಬ ಗುಮಾಸ್ತನೂ ಬೇಕಾಗಲಿಲ್ಲ. ಕಿಟ್ಟಿನ ಲೆಕ್ಕದಲ್ಲಿ ಎದುರಾಳಿಯನ್ನು ಹಿಡಿಯಬಹುದು. ಸಾವಿನ ಲೆಕ್ಕದಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ.

"ಹೋದವರು ಹೋದರು, ಈಗ ಕೆದಕಿ ಏನು ಮಾಡೋದು?" ಅಂತ ಒಬ್ಬ ಹಿರಿಯ ಪತ್ರಕರ್ತರು ನನ್ನನ್ನು ಕೇಳಿದರು. ಮೂರು ಉತ್ತರ ಇವೆ. ಒಂದು, ಆ ಅಕ್ಕನಿಗೆ 50 ಸಾವಿರ ಅಂದರೆ ಎರಡು ವರ್ಷದ ಬಡ್ಡಿಯಿಂದ ಬಿಡುಗಡೆ. ಎರಡು, ಮುಂದಿನ ಸಲ ಬೆಡ್ಡು, ವೆಂಟಿಲೇಟರು, ಆಮ್ಲಜನಕದ ಘಟಕ ಎಲ್ಲಿ ಬೇಕು ಎಂದು ನಿರ್ಧಾರವಾಗುವುದು ಹಳೆಯ ಅಂಕಿಯ ಮೇಲೆ. ಸಾವು ಸೊನ್ನೆ ಎಂದಿರುವ ತಾಲ್ಲೂಕಿಗೆ ಬೆಡ್ಡೂ ಸೊನ್ನೆ. ಮೂರು, 2025ರ ಮೇ 20ರಂದು ಜಗತ್ತಿನ ದೇಶಗಳು ಜಿನೀವಾದಲ್ಲಿ ಮಹಾಸೋಂಕು ಒಪ್ಪಂದವನ್ನು ಅಂಗೀಕರಿಸಿವೆ. ಅಂಥ ತುರ್ತು ಪರಿಸ್ಥಿತಿಯ ಲಕ್ಷಣ ಕಂಡರೆ 24 ಗಂಟೆಯೊಳಗೆ ತಿಳಿಸಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಮೊದಲಿನಿಂದಲೂ ಇದೆ. ಒಳ್ಳೆಯದೇ. ಆದರೆ ಆ ಸರಪಳಿಯ ಮೊದಲ ಕೊಂಡಿ ಇರುವುದು ನಮ್ಮ ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕಿನಲ್ಲಿ. ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾದ ಹೆಣ್ಣುಮಗಳ ನೋಟ್‌ಬುಕ್ಕು ಅದು. ಅವಳು ಬರೆದದ್ದನ್ನು ಮೇಲಿನ ಕಚೇರಿ ತಿದ್ದಿದರೆ, ಅದನ್ನು ಪೇಪರಿನವನು ಪ್ರಶ್ನೆ ಮಾಡದೆ ಅಚ್ಚು ಹಾಕಿದರೆ, ಜಿನೀವಾದ ಒಪ್ಪಂದ ಗೋಡೆಯ ಮೇಲಿನ ಕ್ಯಾಲೆಂಡರ್ ಆಗಿ ಉಳಿಯುತ್ತದೆ.

ಈಗ ನಮ್ಮ ಮಾತಿಗೆ ಬರುತ್ತೇನೆ. ಈ ಬ್ಲಾಗು ಓದುವ ಬಹುತೇಕರು ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಕಲಿತವರು. ಹಳ್ಳಿಯ ದನಿಯಾಗುತ್ತೇವೆ ಎಂದು ಡಿಪ್ಲೊಮಾ ಸಂದರ್ಶನದಲ್ಲಿ ನಾವೆಲ್ಲ ಹೇಳಿದವರೇ. 2021ರಲ್ಲಿ ನಾವು ಬುಲೆಟಿನ್ನಿನ ದನಿಯಾದೆವು. ಬೇರೆ ದಾರಿ ಇರಲಿಲ್ಲವೇ? ಇತ್ತು. ಅದೇ ಮೇ ತಿಂಗಳಲ್ಲಿ ಗುಜರಾತಿ ಪತ್ರಿಕೆ ದಿವ್ಯ ಭಾಸ್ಕರ್ ಮರಣ ಪ್ರಮಾಣಪತ್ರಗಳನ್ನು ಎಣಿಸಿತು. ಮಾರ್ಚ್ 1ರಿಂದ ಮೇ 10ರೊಳಗೆ ಅಲ್ಲಿ ಕೊಟ್ಟ ಪ್ರಮಾಣಪತ್ರಗಳು 1.23 ಲಕ್ಷ, ಹಿಂದಿನ ವರ್ಷ ಅದೇ ದಿನಗಳಲ್ಲಿ 58 ಸಾವಿರ. ಸರ್ಕಾರ ಹೇಳಿದ ಕೊರೊನಾ ಸಾವು 4,218. ಅವರ ಬಳಿ ಉಪಗ್ರಹ ಇರಲಿಲ್ಲ, ವಿಜ್ಞಾನಿಗಳ ದಂಡು ಇರಲಿಲ್ಲ. ಅವರದೂ ನಮ್ಮ ಹಾಗೆ ಪ್ರಾದೇಶಿಕ ಭಾಷೆಯ ಪತ್ರಿಕೆ. ಅವರು ಎಣಿಸಿದರು, ನಾವು ಟೈಪ್ ಮಾಡಿದೆವು.

ಇನ್ನೂ ತಡವಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರಿನಲ್ಲಿ ಶೋಧ ಮಾಡಿಸಬಹುದು. ಸಾವಿನ ಕಾರಣ ಕೊಡುವುದಿಲ್ಲ, ಬೇಡ. ನಮಗೆ ಬೇಕಾದದ್ದು ಸಂಖ್ಯೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಒಬ್ಬೊಬ್ಬರು ಒಂದೊಂದು ಗ್ರಾಮ ಪಂಚಾಯಿತಿ ಹಿಡಿಯೋಣ. 2019ರ ಏಪ್ರಿಲ್‌ನಿಂದ ಜುಲೈವರೆಗೆ ಎಷ್ಟು ಸಾವು, 2021ರ ಅದೇ ನಾಲ್ಕು ತಿಂಗಳಲ್ಲಿ ಎಷ್ಟು, ಅದರಲ್ಲಿ ಕೋವಿಡ್ ಪಟ್ಟಿಗೆ ಸೇರಿದ್ದು ಎಷ್ಟು. ಮೂರು ಅಂಕಿ, ಒಂದು ಹಾಳೆ. ಅದನ್ನು ಗ್ರಾಮಸಭೆಯಲ್ಲಿ ಓದಿಸೋಣ. ಉದ್ಯೋಗ ಖಾತರಿಯ ಕೂಲಿಗೆ ಸಾಮಾಜಿಕ ಪರಿಶೋಧನೆ ಇದೆಯೆಂದ ಮೇಲೆ ಸಾವಿಗೂ ಇರಲಿ. ಸರ್ಕಾರದಿಂದ ಕೇಳುವುದೂ ದೊಡ್ಡದೇನಲ್ಲ. ತಿರಸ್ಕರಿಸಿದ ಅರ್ಜಿಗಳನ್ನು ಮತ್ತೆ ತೆರೆಯಲಿ, ಕಾಗದ ಇಲ್ಲದ ಕಡೆ ಆಶಾ ಕಾರ್ಯಕರ್ತೆ ಮತ್ತು ನೆರೆಹೊರೆಯವರ ಹೇಳಿಕೆಯನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲಿ. ಕಾಗದ ಕೊಡಬೇಕಾದವರೇ ಕೊಡದಿದ್ದ ಮೇಲೆ, ಕಾಗದ ಎಲ್ಲಿ ಎಂದು ವಿಧವೆಯನ್ನು ಕೇಳುವುದು ನ್ಯಾಯವಲ್ಲ.

ನಾನು ನಮ್ಮೂರ ಪಂಚಾಯಿತಿಗೆ ಅರ್ಜಿ ಹಾಕಿದ್ದೇನೆ. ಸ್ವೀಕೃತಿಯ ಒಂದು ಪ್ರತಿಯನ್ನು ಆ ಅಕ್ಕನಿಗೆ ಕೊಟ್ಟೆ. ಅವರು ಅದನ್ನೂ ಮಡಚಿ ಅದೇ ಚೀಲದೊಳಗೆ ಇಟ್ಟುಕೊಂಡರು. ಹೋಗುವಾಗ ತಿರುಗಿ, "ಈ ಸಲ ಸರಿಯಾಗಿ ಬರೀ ತಮ್ಮಾ" ಅಂದರು.