ಅಂಗಡಿ ಖರ್ಚಿಗೆ ಬರೆದದ್ದು ದಾಸೋಹವಲ್ಲ



ತೆರಿಗೆ ಲೆಕ್ಕ ಒಪ್ಪಿಸುವ ಕಾಲ ಬಂತೆಂದರೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳ ಅಂಗಡಿ ಪುಸ್ತಕಗಳಲ್ಲಿ ಪವಾಡಗಳು ನಡೆಯುತ್ತವೆ. ಮಗಳ ಮದುವೆಯ ಊಟ ‘ವ್ಯಾಪಾರ ಅಭಿವೃದ್ಧಿ’ ಆಗುತ್ತದೆ. ಮಾದಪ್ಪನ ಬೆಟ್ಟಕ್ಕೆ ಮನೆಮಂದಿಯೆಲ್ಲ ಹೋಗಿಬಂದ ಕಾರಿನ ಬಾಡಿಗೆ ‘ಪ್ರಯಾಣ ವೆಚ್ಚ’ ಆಗುತ್ತದೆ. ಮಠದ ದಾಸೋಹಕ್ಕೆ ಕಳಿಸಿದ ಅಕ್ಕಿ ಮೂಟೆ ‘ಜಾಹೀರಾತು’ ಆಗುತ್ತದೆ. ಎಲ್ಲೂ ಸೇರದ್ದು ‘ಇತರೆ ಖರ್ಚು’ ಎಂಬ ಹಾಳುಬಾವಿಗೆ ಬೀಳುತ್ತದೆ. ಈ ಮೂರು ತಾಲ್ಲೂಕುಗಳ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದೇ ನಾನು ಬದುಕುವವನು. ಹಾಗೆ ಬರೆಯಿರಿ ಎಂದು ಕೇಳಿದವರಿಗೆಲ್ಲ ಆಗುವುದಿಲ್ಲ ಎಂದಿದ್ದೇನೆ. ಏಕೆಂಬುದನ್ನು ಇಲ್ಲಿ ಹೇಳುತ್ತೇನೆ.

ಕಾನೂನು ಕೇಳುವುದು ಬಹಳ ಸರಳ. ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚು ಮಾತ್ರ ವ್ಯಾಪಾರದ ಖರ್ಚು. ಮಾಲೀಕನ ಸ್ವಂತ ಖರ್ಚು ಅದರಲ್ಲಿ ಸೇರದು, ಬಂಡವಾಳದ ಖರ್ಚೂ ಸೇರದು. ಇದು 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನ ತಿರುಳು. 2025ರ ಹೊಸ ಕಾಯ್ದೆಯೂ ಈ ತತ್ವವನ್ನು ಬಿಟ್ಟಿಲ್ಲ. ಅಂಗಡಿ ಬೇರೆ, ಮನೆ ಬೇರೆ, ಮಠ ಬೇರೆ. ಮೂರಕ್ಕೂ ಒಂದೇ ಗಲ್ಲಾ ಪೆಟ್ಟಿಗೆಯಿಂದ ಹಣ ತೆಗೆಯಬಹುದು. ಆದರೆ ಮನೆಗೂ ಮಠಕ್ಕೂ ಹೋದದ್ದನ್ನು ಮಾಲೀಕನ ಸ್ವಂತ ಖಾತೆಗೆ ಬರೆಯಬೇಕು.

ದಾಸೋಹದ ಮಾತಿಗೇ ಬರೋಣ. ಹತ್ತು ಸಾವಿರ ರೂಪಾಯಿಯ ಅಕ್ಕಿ ಕೊಟ್ಟು ಅದನ್ನು ಅಂಗಡಿಯ ಖರ್ಚಿಗೆ ಬರೆದವನು ಶೇ. 20ರ ತೆರಿಗೆ ಹಂತದಲ್ಲಿದ್ದರೆ, ಅವನ ತೆರಿಗೆ ಎರಡು ಸಾವಿರ ಇಳಿಯುತ್ತದೆ. ಅಂದರೆ ಆ ಅಕ್ಕಿಯಲ್ಲಿ ಐದನೆಯ ಒಂದು ಪಾಲು ಸರ್ಕಾರದ ಬೊಕ್ಕಸದ್ದು, ಊರಿನ ಶಾಲೆ ಆಸ್ಪತ್ರೆಗಳದ್ದು. ಫಲಕದ ಮೇಲೆ ಮಾತ್ರ ಹೆಸರು ಇವನದ್ದು! ಕಾಯಕದಿಂದ ಬಂದ ತನ್ನ ಪಾಲಿನಿಂದ ಕೊಟ್ಟರೆ ದಾಸೋಹ. ಇನ್ನೊಬ್ಬರ ಪಾಲನ್ನು ಕೇಳದೆ ತೆಗೆದು ಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ, ಅದನ್ನು ನಾನು ಹೇಳಬೇಕಾಗಿಲ್ಲ.

ದಾನಕ್ಕೆ ವಿನಾಯಿತಿಯೇ ಇಲ್ಲವೇ ಎಂದು ಕೇಳುವಿರಿ. ಇದೆ, ಆದರೆ ಬಾಗಿಲು ಬೇರೆ. 1961ರ ಕಾಯ್ದೆಯ 80ಜಿ ಅಡಿ ನೋಂದಾಯಿಸಿದ ಸಂಸ್ಥೆಗೆ ಕೊಟ್ಟಿರಬೇಕು. ನಗದಾದರೆ 2,000 ರೂಪಾಯಿ ಮೀರಿರಬಾರದು. ಅಕ್ಕಿ ಬೇಳೆಯಂಥ ವಸ್ತುರೂಪದ ದಾನಕ್ಕೆ ಅದು ಸಿಗದು. ಸಂಸ್ಥೆಯು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯೂ ಇಲ್ಲ. ಆಗ ಏನು ಮಾಡುವುದು? ವಿನಾಯಿತಿ ಇಲ್ಲದೆಯೇ ಕೊಡುವುದು! ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ ಅಂಗಡಿಯ ಹೆಸರು, ವಿಳಾಸ ಹಾಕಿಸಿ ರಸೀದಿ ಪಡೆದರೆ ಅದು ನಿಜಕ್ಕೂ ಜಾಹೀರಾತೇ, ಧೈರ್ಯವಾಗಿ ಬರೆಯಿರಿ. ಪಂಕ್ತಿಯ ಅನ್ನ ಜಾಹೀರಾತಲ್ಲ.

ಮಠಗಳ ಆಡಳಿತ ನೋಡುವವರಿಗೂ ಒಂದು ಮಾತು. ಭಕ್ತರು ಕೇಳಿದರೆಂದು ಕೊಟ್ಟದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ರಸೀದಿ ಹರಿಯಬೇಡಿ. ಆ ರಸೀದಿ ಪುಸ್ತಕವೂ ಪೀಠದಷ್ಟೇ ಶುದ್ಧವಾಗಿರಬೇಕು.

ಇದಕ್ಕಿಂತ ನೋವಿನ ಸಂಗತಿ ಕೂಲಿಯದ್ದು. ಕೊಳ್ಳೇಗಾಲದ ರೇಷ್ಮೆ ಸೀರೆಯ ಹಿಂದೆ ಮನೆಯ ಜಗಲಿಯಲ್ಲಿ ನೂಲು ಸುತ್ತುವ ತಾಯಂದಿರಿದ್ದಾರೆ. ಅವರಿಗೆ ಕೊಟ್ಟ ಹಣವನ್ನು ‘ಇತರೆ ಖರ್ಚು’ ಎಂದು ಬರೆಯುವ ಯಜಮಾನರನ್ನು ಕಂಡಿದ್ದೇನೆ. ಮದುವೆಯ ಹೂವಿನ ಹಣವೂ ಅಲ್ಲೇ, ಆ ತಾಯಿಯ ಬೆವರಿನ ಹಣವೂ ಅಲ್ಲೇ. ನಾಳೆ ಆಕೆ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ, ದುಡಿದಿದ್ದೇನೆ ಎನ್ನಲು ಒಂದು ಚೀಟಿಯೂ ಇರುವುದಿಲ್ಲ. ಕಾಯಕವೇ ದೊಡ್ಡದೆಂದು ವೇದಿಕೆಯಲ್ಲಿ ಹೇಳುವವರು ಮೊದಲು ಕೂಲಿಯನ್ನು ಕೂಲಿ ಎಂದೇ, ಹೆಸರು ದಿನಾಂಕ ಸಹಿತ ಬರೆಯಲಿ.

ನೋಂದಾಯಿತ ಸಣ್ಣ ನೇಯ್ಗೆ ಘಟಕದಿಂದ ಮಾಲು ತಂದು ತಿಂಗಳುಗಟ್ಟಲೆ ಹಣ ಕೊಡದವರು ಇನ್ನೊಂದನ್ನೂ ತಿಳಿಯಲಿ. 2023-24ನೇ ಹಣಕಾಸು ವರ್ಷದಿಂದ, ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ಗಡುವು ಮೀರಿದರೆ, ಹಣ ಕೊಟ್ಟ ವರ್ಷದಲ್ಲೇ ಅದು ಖರ್ಚಾಗಿ ಸಲ್ಲುತ್ತದೆ, ಅದಕ್ಕೆ ಮೊದಲಲ್ಲ.

‘ಎಲ್ಲರೂ ಹೀಗೇ ಮಾಡುತ್ತಾರೆ, ಬಡ ವ್ಯಾಪಾರಿ ಉಳಿಯುವುದು ಬೇಡವೇ?’ ಎನ್ನುತ್ತಾರೆ. ಬೇಕು. ಅದಕ್ಕೇ ಹೇಳುತ್ತಿರುವುದು. ಸುಳ್ಳು ಖರ್ಚು ತೋರಿಸುವವರೇ ನಿಜವಾದ ಖರ್ಚನ್ನು ಬಿಟ್ಟುಬಿಡುತ್ತಾರೆ. ಮಗ್ಗದ ರಿಪೇರಿ, ಬಣ್ಣ, ಜರಿ, ವ್ಯಾಪಾರದ ಸಾಲದ ಬಡ್ಡಿ, ಮಾಲಿಗಾಗಿ ಮೈಸೂರಿಗೆ ಹೋದ ಬಸ್ ಚಾರ್ಜು ಎಲ್ಲವೂ ಸಲ್ಲುತ್ತವೆ. ಬಾಡಿಗೆ ಮನೆಯ ಒಂದು ಭಾಗದಲ್ಲಿ ಮಗ್ಗ ಹೂಡಿದ್ದರೆ ಬಾಡಿಗೆ, ಕರೆಂಟು ಬಿಲ್ಲುಗಳಲ್ಲಿ ಅಷ್ಟು ಪಾಲು ಸಲ್ಲುತ್ತದೆ. ಹೊಸ ಮಗ್ಗ ಕೊಂಡದ್ದು ಬಂಡವಾಳ. ಅದನ್ನು ಒಂದೇ ವರ್ಷದ ಖರ್ಚಿಗೆ ಬರೆಯದೆ ವರ್ಷವರ್ಷವೂ ಸವಕಳಿ ತೆಗೆಯಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಸಲ್ಲದು. ಆದರೆ ವಿದ್ಯುತ್ ಬಳಸದ ಗುಡಿಕೈಗಾರಿಕೆಯ ಮಾಲನ್ನು ಅದನ್ನು ತಯಾರಿಸಿದವರಿಂದಲೇ ಕೊಂಡರೆ ಇದಕ್ಕೆ ವಿನಾಯಿತಿಯುಂಟು. ಕೈಮಗ್ಗದವರಿಗೆ ಇದು ತಿಳಿದಿರಲಿ.

ವಹಿವಾಟು ಎರಡು ಕೋಟಿಯೊಳಗಿದ್ದರೆ ಅಂದಾಜು ಲಾಭದ ಪದ್ಧತಿಯೇ ಇದೆ. ನಗದು ವ್ಯಾಪಾರಕ್ಕೆ ಶೇ. 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 ಲಾಭವೆಂದು ತೋರಿಸಿದರೆ, ಖರ್ಚಿನ ಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಇಷ್ಟು ನೇರ ದಾರಿಯಿರುವಾಗ ಕಳ್ಳದಾರಿ ಯಾರಿಗೆ ಬೇಕು? ಪುಸ್ತಕದಲ್ಲಿ ಸುಳ್ಳು ಬರೆದದ್ದು, ಪುರಾವೆಯಿಲ್ಲದ ಖರ್ಚು ತೋರಿಸಿದ್ದು ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು. ದಂಡ ಬೀಳದಿದ್ದರೂ, ಲಾಭವೇ ಇಲ್ಲವೆಂದು ಬರೆದ ಪುಸ್ತಕ ಹಿಡಿದು ಸಾಲ ಕೇಳಲು ಹೋದರೆ ಬ್ಯಾಂಕಿನವರು ಆ ಪುಸ್ತಕವನ್ನೇ ನಂಬುತ್ತಾರೆ.

ಇಂದಿನಿಂದಲೇ ಮೂರು ಪುಸ್ತಕ ಇಡಿ: ಅಂಗಡಿಗೊಂದು, ಮನೆಗೊಂದು, ದಾಸೋಹಕ್ಕೊಂದು. ಮೂರನೆಯದನ್ನು ಯಾವ ಅಧಿಕಾರಿಗೂ ತೋರಿಸಬೇಕಾಗಿಲ್ಲ. ಅದರಲ್ಲಿರುವುದು ಚಿಕ್ಕ ಮೊತ್ತವಾದರೂ ಸರಿ, ಪೂರ್ತಿ ನಿಮ್ಮದೇ ಆಗಿರಲಿ.