ಮೇ ತಿಂಗಳೋ, ಆಗಸ್ಟೋ: ಅಲಾಸ್ಕಾ ಹಡಗಿನ ಹಂಗಾಮು

ಪುಣೆಯ ವಿಮಾನ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಸಿಯಾಟಲ್‌ನಲ್ಲಿರುವ ಮನೆಗಳು ಅಪರೂಪವೇನಲ್ಲ. ಅಂಥ ಮನೆಗಳಲ್ಲಿ ಅಮೆರಿಕ ಪ್ರವಾಸದ ಮಾತೆತ್ತಿದಾಗ ಅಲಾಸ್ಕಾದ ಹಿಮನದಿಗಳ ಮಾತೂ ಬರುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ಹಡಗುಗಳಲ್ಲಿ ಬಹಳಷ್ಟು ಹೊರಡುವುದು ಸಿಯಾಟಲ್ ಬಂದರಿನಿಂದಲೇ. ಹೋಗಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಯಾವಾಗ ಎಂಬಲ್ಲಿ ಮನೆ ಮೂರು ಪಾಲಾಗುತ್ತದೆ. ಪುಣೆಯ ಸೊಸೆ ಮೇ ಎನ್ನುತ್ತಾಳೆ, ಇಲ್ಲಿನ ಮಕ್ಕಳಿಗೆ ರಜೆ ಆಗ. ಸಿಯಾಟಲ್‌ನ ಮಗಳು ಜುಲೈ ಎನ್ನುತ್ತಾಳೆ, ಅಲ್ಲಿನ ಮಕ್ಕಳಿಗೆ ರಜೆ ಆಗ. ಅಜ್ಜ ದರಪಟ್ಟಿ ನೋಡಿ ಸೆಪ್ಟೆಂಬರ್ ಎನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಹಿಮಕ್ಕೆ, ಮಳೆಗೆ, ಮೀನಿಗೆ, ತಿಮಿಂಗಿಲಕ್ಕೆ ಅವುಗಳದೇ ಆದ ಪಂಚಾಂಗವಿದೆ. ಅದನ್ನೂ ಮುಂದಿಟ್ಟುಕೊಂಡು ಯೋಚಿಸುವುದು ಒಳ್ಳೆಯದು.

ಹಂಗಾಮು ಏಪ್ರಿಲ್ ಕೊನೆಗೆ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯುತ್ತದೆ. ಸಾಮಾನ್ಯವಾಗಿ ಏಳು ದಿನದ ಯಾನ. ಜೂನೋ, ಸ್ಕಾಗ್ವೇ, ಕೆಚಿಕನ್‌ನಂಥ ಊರುಗಳಲ್ಲಿ ಹಡಗು ನಿಲ್ಲುತ್ತದೆ. ಒಂದು ದಿನ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೋ, ಹಬಾರ್ಡ್ ಹಿಮನದಿಗೋ, ಜೂನೋ ಹತ್ತಿರದ ಕಿರುಗೊಲ್ಲಿಗೋ ಮೀಸಲು.

ಮೇ ತಿಂಗಳ ಪರವಾದ ಮೊದಲ ಕಾರಣ ಮಳೆ. ಆ ಕರಾವಳಿಯಲ್ಲಿ ಒಣ ತಿಂಗಳು ಎನ್ನಬಹುದಾದವು ಏಪ್ರಿಲ್, ಮೇಗಳೇ. ಜೂನೋದಲ್ಲಿ ಮೇ ತಿಂಗಳಿಗಿಂತ ಸೆಪ್ಟೆಂಬರ್‌ನಲ್ಲಿ ಎರಡು ಪಟ್ಟಿಗೂ ಹೆಚ್ಚು ಮಳೆ ಸುರಿಯುತ್ತದೆ. ಕೆಚಿಕನ್‌ನ ವಾರ್ಷಿಕ ಮಳೆ ಮೂರೂವರೆ ಸಾವಿರ ಮಿಲಿಮೀಟರ್‌ ಮೀರುತ್ತದೆ. ಆಗುಂಬೆಯನ್ನು ಬಲ್ಲವರಿಗೆ ಇದು ದೊಡ್ಡದೆನಿಸಲಿಕ್ಕಿಲ್ಲ, ಆದರೆ ದುಡ್ಡು ಕೊಟ್ಟು ಬೆಟ್ಟ ನೋಡಲು ಹೋದವರಿಗೆ ಮೋಡ ಎಲ್ಲಿ ಕುಳಿತಿದೆ ಎಂಬುದೇ ಮುಖ್ಯ. ಮೇ ತಿಂಗಳಲ್ಲಿ ಬೆಟ್ಟಗಳ ಮೇಲೆ ಚಳಿಗಾಲದ ಹಿಮ ಇನ್ನೂ ಉಳಿದಿರುತ್ತದೆ. ಸ್ಕಾಗ್ವೇಯಿಂದ ವೈಟ್ ಪಾಸ್ ಕಣಿವೆಗೆ ಏರುವ ಹಳೆಯ ರೈಲಿನಲ್ಲಿ ಕಿಟಕಿಯಾಚೆ ಬಿಳುಪು ಕಾಣುವುದು ಈ ದಿನಗಳಲ್ಲೇ. ಬಂದರುಗಳಲ್ಲಿ ಜನ ಕಡಿಮೆ, ಟಿಕೆಟ್ ದರವೂ ಕಡಿಮೆ. ಪುಣೆಯ ಬೇಸಿಗೆಯಿಂದ ಎರಡು ವಾರ ತಪ್ಪಿಸಿಕೊಳ್ಳುವ ಲಾಭ ಬೇರೆ. 2026ರಲ್ಲಂತೂ ಮೇ 17ರಿಂದ ಅಧಿಕ ಜ್ಯೇಷ್ಠ ಮಾಸ. ಮದುವೆಗಳಿಲ್ಲದ ಮೇ ತಿಂಗಳು ನಮ್ಮ ಮನೆಗಳಿಗೆ ಸುಲಭವಾಗಿ ಸಿಗುವುದಲ್ಲ.

ಇದಕ್ಕೆ ಎದುರಾದ ವಾದವೂ ಗಟ್ಟಿಯಾಗಿಯೇ ಇದೆ. ಹಿಮನದಿ ನೋಡಲು ಹೋಗುವವರಿಗೆ ಹಂಗಾಮಿನ ಆರಂಭದಲ್ಲಿ ಅಡ್ಡ ಬರುವುದು ಹಿಮವೇ. ಕಿರಿದಾದ ಕೊಲ್ಲಿಗಳಲ್ಲಿ ತೇಲುವ ಹಿಮದ ಗಡ್ಡೆಗಳು ಒತ್ತೊತ್ತಾಗಿ ನಿಂತಾಗ ಕ್ಯಾಪ್ಟನ್ ಹಡಗನ್ನು ದೂರದಲ್ಲೇ ತಿರುಗಿಸಬೇಕಾಗುತ್ತದೆ. ಅಲಾಸ್ಕಾದ ಬಹುಪಾಲು ಹಿಮನದಿಗಳು ಹಿಂದೆ ಸರಿಯುತ್ತಿರುವಾಗ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಮುಂದಕ್ಕೆ ಬರುತ್ತಿರುವ ಹಬಾರ್ಡ್‌ನ ಎದುರೂ ಹೀಗಾಗುವುದುಂಟು. ಸಾಲ್ಮನ್ ಮೀನು ಇನ್ನೂ ಹೊಳೆಗೆ ಏರಿರುವುದಿಲ್ಲ, ಆದ್ದರಿಂದ ಹೊಳೆಯಂಚಿನಲ್ಲಿ ಮೀನು ಹಿಡಿಯುವ ಕರಡಿಯೂ ಇಲ್ಲ. ಹವಾಯಿಯಲ್ಲಿ ಚಳಿಗಾಲ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಏಪ್ರಿಲ್‌ನಿಂದಲೇ ಮರಳಲು ತೊಡಗುತ್ತವೆ ನಿಜ, ಆದರೆ ಅವುಗಳ ಸಂಖ್ಯೆ ತುಂಬಿ ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಎಪ್ಪತ್ತು ದಾಟಿದವರಿಗೆ ಮೇ ತಿಂಗಳ ಬೆಳಗಿನ ಐದು ಡಿಗ್ರಿ ಚಳಿಯಲ್ಲಿ ಗಾಳಿ ಬೀಸುವ ಡೆಕ್ ಮೇಲೆ ಒಂದು ತಾಸು ನಿಲ್ಲುವುದು ಸಣ್ಣ ಮಾತಲ್ಲ. ಹಾಗೆ ನಿಲ್ಲದಿದ್ದರೆ ಹೋದದ್ದಕ್ಕೆ ಅರ್ಥವೂ ಇಲ್ಲ.

ಆ ಒಂದು ತಾಸು ಹೇಗಿರುತ್ತದೆ ಎಂದು ತಿಳಿದರೆ ತೀರ್ಮಾನ ಸುಲಭವಾಗಬಹುದು. ಗ್ಲೇಸಿಯರ್ ಬೇಗೆ ಈ ದೊಡ್ಡ ಪ್ರವಾಸಿ ಹಡಗುಗಳಲ್ಲಿ ದಿನಕ್ಕೆ ಎರಡಕ್ಕಿಂತ ಹೆಚ್ಚು ಬಿಡುವುದಿಲ್ಲ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ, ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು, ಎರಡೂ ಬದಿಯವರಿಗೆ ಕಾಣುವಂತೆ ನಿಧಾನವಾಗಿ ತಿರುಗುತ್ತದೆ. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ನೀಲಿ ಗೋಡೆ. ಅದರಿಂದ ತುಂಡೊಂದು ಕಳಚಿ ನೀರಿಗೆ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಗುಡುಗಿನಂಥ ಸದ್ದು ಆಮೇಲೆ ಬರುತ್ತದೆ. ಸದ್ದು ಕೇಳಿ ತಿರುಗಿದವರಿಗೆ ಬರೀ ಅಲೆ. ಕಾದು ನಿಲ್ಲಲು ಶಕ್ತಿ ಇರುವವರಿಗೆ ಮಾತ್ರ ಈ ನೋಟ ಎಂದ ಮೇಲೆ, ಹವೆ ಎಷ್ಟು ಸಹ್ಯವಾಗಿದೆ ಎಂಬುದನ್ನು ಬರಿಯ ಸುಖದ ಪ್ರಶ್ನೆ ಎಂದು ತಳ್ಳಿಹಾಕಲಾಗದು.

ಈ ಕಾರಣಕ್ಕೇ ಜುಲೈ, ಆಗಸ್ಟ್ ಎನ್ನುವವರ ಪಕ್ಷ ಬಲವಾಗುತ್ತದೆ. ಹಗಲಿನ ಉಷ್ಣತೆ ಹದಿನೆಂಟು ಡಿಗ್ರಿಯವರೆಗೆ ಏರುತ್ತದೆ. ಜುಲೈಯಲ್ಲಿ ರಾತ್ರಿ ಹತ್ತರ ಸುಮಾರಿಗೂ ಬೆಳಕಿರುತ್ತದೆ. ಹೊಳೆಗಳಲ್ಲಿ ಸಾಲ್ಮನ್, ದಡದಲ್ಲಿ ಕರಡಿ, ನೀರಿನಲ್ಲಿ ತಿಮಿಂಗಿಲ, ಎಲ್ಲವೂ ಒಟ್ಟಿಗೆ ಸಿಗುವ ಕಾಲ ಇದೊಂದೇ. ಸಿಯಾಟಲ್‌ನ ಮೊಮ್ಮಕ್ಕಳು ಜೊತೆಗಿರುತ್ತಾರೆ. ಎಷ್ಟೋ ಅಜ್ಜ ಅಜ್ಜಿಯರಿಗೆ ಹಿಮನದಿಗಿಂತ ಇದೇ ದೊಡ್ಡ ಕಾರಣ, ಆಗಬೇಕಾದದ್ದೂ ಹಾಗೆಯೇ.

ಹಾಗೆಂದು ಅದಕ್ಕೆ ತೆರುವ ಬೆಲೆಯನ್ನು ಮರೆಯುವಂತಿಲ್ಲ. ದರ ಏರುವುದು ಆಗಲೇ. ಸುಮಾರು 32,000 ಜನಸಂಖ್ಯೆಯ ಜೂನೋಗೆ ಒಂದು ಹಂಗಾಮಿನಲ್ಲಿ ಬರುವ ಹಡಗಿನ ಪ್ರವಾಸಿಗರ ಸಂಖ್ಯೆ 16 ಲಕ್ಷ ದಾಟಿದೆ. ಊರಿನವರು ಬೇಸತ್ತದ್ದರಿಂದ ನಗರಾಡಳಿತವೂ ಹಡಗು ಕಂಪನಿಗಳೂ 2024ರಲ್ಲಿ ಒಪ್ಪಂದಕ್ಕೆ ಬಂದು, 2026ರಿಂದ ದಿನಕ್ಕೆ 16,000, ಶನಿವಾರ 12,000 ಎಂಬ ಮಿತಿ ಹಾಕಿಕೊಂಡವು. ಮಿತಿಯೇ ಇಷ್ಟೆಂದರೆ ದಟ್ಟಣೆಯ ಅಂದಾಜು ಮಾಡಬಹುದು. ಆಗಸ್ಟ್ ಹೊತ್ತಿಗೆ ಮಳೆ ಮತ್ತೆ ಹೆಚ್ಚುತ್ತದೆ, ಮೋಡ ಇಳಿದರೆ ಹಿಮನದಿ ತೋರಿಸುವ ಹೆಲಿಕಾಪ್ಟರ್ ಹಾರುವುದಿಲ್ಲ. ಇನ್ನೊಂದು ಸಂಗತಿ: ಮೆಂಡನ್‌ಹಾಲ್ ಹಿಮನದಿಯ ಪಕ್ಕದ ಕಣಿವೆಯಲ್ಲಿ ತುಂಬಿಕೊಂಡ ನೀರು ಒಮ್ಮೆಲೇ ಒಡೆದು ಜೂನೋದ ಬಡಾವಣೆಗಳಿಗೆ ನುಗ್ಗಿದ್ದು 2023, 2024, 2025ರಲ್ಲಿ, ಮೂರೂ ಸಲ ಆಗಸ್ಟ್‌ನಲ್ಲೇ. 2025ರ ಆಗಸ್ಟ್ 10ರಂದು ಟ್ರೇಸಿ ಆರ್ಮ್ ಕೊಲ್ಲಿಯಲ್ಲಿ ಸೌತ್ ಸಾಯರ್ ಹಿಮನದಿಯ ಬಳಿ ಬೆಟ್ಟ ಕುಸಿದು ಭಾರೀ ಅಲೆ ಎದ್ದಿತು. ಇವುಗಳಿಂದ ಪ್ರವಾಸಿಗರು ಹೆದರಬೇಕೆಂದು ಹೇಳುವುದು ಅತಿಶಯ. ಕರಗುವ ಹಿಮ ನಮ್ಮ ರಜೆಯ ಅನುಕೂಲ ನೋಡುವುದಿಲ್ಲ ಎಂದಷ್ಟೇ ತಿಳಿದಿರಬೇಕು.

ಸೆಪ್ಟೆಂಬರ್‌ನ ಪಕ್ಷವನ್ನು ಬರೀ ಅಗ್ಗದ ದರದ ಪಕ್ಷ ಎಂದು ಬದಿಗಿಟ್ಟರೆ ಅನ್ಯಾಯವಾದೀತು. ಗ್ಲೇಸಿಯರ್ ಬೇಯ ಒಳಗಿನ ಜಾನ್ಸ್ ಹಾಪ್ಕಿನ್ಸ್ ಕೊಲ್ಲಿಯಲ್ಲಿ ಸೀಲ್‌ಗಳು ಹಿಮಗಡ್ಡೆಗಳ ಮೇಲೆ ಮರಿ ಹಾಕುತ್ತವೆ. ಅವುಗಳ ನೆಮ್ಮದಿಗಾಗಿ ಮೇಯಿಂದ ಆಗಸ್ಟ್ ಕೊನೆಯವರೆಗೆ ದೊಡ್ಡ ಹಡಗುಗಳಿಗೆ ಅಲ್ಲಿ ಪ್ರವೇಶವಿಲ್ಲ. ಸೆಪ್ಟೆಂಬರ್‌ನಲ್ಲಿ ಹೋದವರಿಗಷ್ಟೇ ಆ ಬಾಗಿಲು ತೆರೆಯುವ ಸಾಧ್ಯತೆ. ರಾತ್ರಿ ಮತ್ತೆ ಕತ್ತಲಾಗುವುದರಿಂದ, ಆಕಾಶ ತಿಳಿಯಾಗಿದ್ದರೆ, ಧ್ರುವಪ್ರಭೆಯೂ ಕಂಡೀತು.

ಆದರೆ ಆ ‘ತಿಳಿಯಾಗಿದ್ದರೆ’ ಎಂಬುದೇ ಸೆಪ್ಟೆಂಬರ್‌ನ ಕಷ್ಟ. ಮಳೆ ಜೋರು, ಅಲಾಸ್ಕಾ ಕೊಲ್ಲಿಯ ಕಡೆ ಹೋಗುವ ಹಡಗಾದರೆ ಸಮುದ್ರವೂ ಒರಟು. ಪುಣೆಯಲ್ಲಿರುವವರಿಗೆ ಮತ್ತೊಂದು ಅಡ್ಡಿ ಇದೆ: ಗಣೇಶ ಚತುರ್ಥಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ, ಅದರ ಬೆನ್ನಿಗೇ ಪಿತೃಪಕ್ಷ. ಮನೆಯ ಹಿರಿಯ ಮಗ ಇವೆರಡನ್ನೂ ಬಿಟ್ಟು ಹೊರಡಬೇಕು ಎನ್ನುವುದು ಸಣ್ಣ ಬೇಡಿಕೆಯಲ್ಲ. ಎರಡೂ ದೇಶದ ಮಕ್ಕಳಿಗೆ ಶಾಲೆ ಇರುವುದೂ ಆಗಲೇ.

ಒಂದು ಕಡೆ ವಾಲಲೇಬೇಕೆಂದರೆ, ಜೂನ್‌ನ ಮೊದಲ ಹದಿನೈದು ದಿನಗಳತ್ತ ನನ್ನ ಒಲವು. ಮೇ ತಿಂಗಳ ಒಣ ಹವೆ ಪೂರ್ತಿ ಮುಗಿದಿರುವುದಿಲ್ಲ, ಬೆಟ್ಟದ ಮೇಲೆ ಹಿಮ ಉಳಿದಿರುತ್ತದೆ, ತಿಮಿಂಗಿಲಗಳು ಬಂದಿರುತ್ತವೆ, ಹಗಲು ಹದಿನೆಂಟು ತಾಸಿನ ಆಸುಪಾಸು. ದರ ಜುಲೈಯಷ್ಟು ಏರಿರುವುದಿಲ್ಲ. ಪುಣೆಯ ಶಾಲೆಗಳು ಬಹುಮಟ್ಟಿಗೆ ಜೂನ್ ಮಧ್ಯಕ್ಕೆ ತೆರೆಯುವುದರಿಂದ ಇಲ್ಲಿನ ಮಕ್ಕಳಿಗೆ ಸಮಯ ಹೊಂದುತ್ತದೆ. ಸಿಯಾಟಲ್‌ನ ಮಕ್ಕಳು ಮಾತ್ರ ಶಾಲೆಯ ಕೊನೆಯ ದಿನಗಳಲ್ಲಿ ಒಂದು ವಾರ ತಪ್ಪಿಸಿಕೊಳ್ಳಬೇಕಾದೀತು. ಇದಕ್ಕೆ ತಂದೆತಾಯಿ ಒಪ್ಪದಿದ್ದರೆ, ಅಥವಾ ಕರಡಿಯೇ ಮುಖ್ಯ ಎನ್ನುವವರಿದ್ದರೆ, ಜುಲೈ ಕೊನೆಯೇ ಸರಿ. ಆಗ ಜನಸಂದಣಿಯನ್ನು ಒಪ್ಪಿಕೊಂಡು ಹೋಗಬೇಕು.

ಯಾವ ತಿಂಗಳು ಆರಿಸಿದರೂ ಮುಂಚಿತವಾಗಿ ಆರಿಸಬೇಕಾದ ಕಾರಣವೊಂದಿದೆ. 1886ರ ಅಮೆರಿಕದ ಕಾನೂನಿನಂತೆ ವಿದೇಶದಲ್ಲಿ ನೋಂದಣಿಯಾದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವಾಗ ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಅದಕ್ಕಾಗಿ ಹೆಚ್ಚಿನವು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರು ಇದಕ್ಕಾಗಿ ಕೆನಡಾ ವೀಸಾ ಬೇರೆ ಮಾಡಿಸಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ಮುಂಬೈಯಲ್ಲಿ ದಿನ ಸಿಗುವುದೂ ತಡವಾಗಬಹುದು. ಜೂನ್‌ನ ಹಡಗಿಗೆ ದೀಪಾವಳಿಯ ಹೊತ್ತಿಗೇ ಮನೆಯವರೆಲ್ಲ ಕೂತು ತಾರೀಖು ಗೊತ್ತುಮಾಡಿದರೆ ಎರಡೂ ವೀಸಾಗಳಿಗೆ ಸಾಕಷ್ಟು ಕಾಲ ಸಿಗುತ್ತದೆ.